ಹಳ್ಳದ ಆಚೆ ದಂಡೆ

ಕಣಿವೆ ಕ್ಯಾಂಪ್
ಜನವರಿ 8

ಅತ್ತೆಯವರಿಗೆ ನಮಸ್ಕಾರಗಳು.

ತಲುಪಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಮಗನಿಗೆ ಬರೆದದ್ದನ್ನೆಲ್ಲ ಅವರು ನಿಮಗೆ ಓದಿ ಹೇಳಿರುತ್ತಾರೆ ಅಂದುಕೊಂಡಿದ್ದೆ. ಲೆಕ್ಕದ ಮೇಷ್ಟರು ನಾಲ್ಕು ಪುಟದ ಪತ್ರವನ್ನು ‘ಚೆನ್ನಾಗಿದ್ದಾಳಂತೆ’ ಎಂಬ ಒಂದೇ ಉತ್ತರಕ್ಕೆ ಇಳಿಸಿರುತ್ತಾರೆ ಎಂದು ಆಮೇಲೆ ಹೊಳೆಯಿತು.

ಇಲ್ಲಿ ಎಲ್ಲ ಚೆನ್ನಾಗಿದೆ. ಒಂದು ಮರವೂ ಇಲ್ಲದ ಎರಡು ಬೆಟ್ಟ, ನಡುವೆ ಒಂದು ಹಳ್ಳ. ಹಳ್ಳದ ಪಶ್ಚಿಮ ದಂಡೆಯಲ್ಲಿ ನಮ್ಮ ಡೇರೆಗಳು. ಈ ಕಡೆಯ ಬಂಡೆಗಳ ಮೇಲೆ ಹಸಿರು ಕಲೆ ಇದೆ, ಅಂದರೆ ಕೆಳಗೆ ತಾಮ್ರ ಇರಬಹುದು. ಅದಕ್ಕೇ ಈ ಕಡೆ ಕೊರೆಯುತ್ತಿದ್ದೇವೆ. ಬೋರಿನಿಂದ ಮೇಲೆ ಬರುವ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಮೊಣಕಾಲೂರಿ ನೋಡುವುದು ನನ್ನ ಕೆಲಸ. ಯಂತ್ರದ ಮೇಸ್ತ್ರಿಗೆ ಎಲ್ಲರೂ ‘ಗುಡುಗು’ ಎನ್ನುತ್ತಾರೆ. ಮೊದಲ ದಿನ ಬಂದು, “ಲೇಡಿ ಆಫೀಸರ್ ಇದಾರೆ, ಬಾಯಿ ಬಿಗಿ ಹಿಡಿ ಅಂತ ಸಾಹೇಬ್ರು ಹೇಳಿದಾರೆ ಮೇಡಂ, ಅದಕ್ಕೇ ನಾನು ಮಾತೇ ಆಡಲ್ಲ” ಎಂದು ಎದುರಿನ ಬೆಟ್ಟಕ್ಕೂ ಕೇಳುವ ಹಾಗೆ ಹೇಳಿಹೋದರು.

ನೀವು ದಾಖಲೆ ಭಂಡಾರದಲ್ಲಿ ಕೋರ್ ಷೆಡ್ ನೋಡಿಕೊಳ್ಳುವವರು. ದೇಶದಲ್ಲಿ ಎಲ್ಲಿ ಕೊರೆದ ಕಲ್ಲಾದರೂ ಕೊನೆಗೆ ನಿಮ್ಮ ಷೆಡ್ಡಿಗೇ ಬಂದು ಸೇರುತ್ತದೆ. ಈ ಕಣಿವೆಯಲ್ಲಿ ಹಿಂದೆ ಯಾರಾದರೂ ಕೊರೆದಿದ್ದಾರೆಯೇ? ಅವಸರವೇನಿಲ್ಲ. ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ನಿಮ್ಮ ಸೊಸೆ


ಮನೆ
ಜನವರಿ 21

ಚಿ. ಸೊಸೆಗೆ ಆಶೀರ್ವಾದಗಳು.

ಕೊರೆದಿದ್ದಾರೆ. ಸುಮಾರು ನಲವತ್ತು ವರ್ಷದ ಹಿಂದೆ, ಹಳ್ಳದ ಎರಡೂ ದಂಡೆಯಲ್ಲಿ. ತಾಮ್ರ ಹುಡುಕಿದರು, ಸಿಗಲಿಲ್ಲ, ವರದಿ ಬರೆದು ಮುಚ್ಚಿದರು. ಕಲ್ಲುಗಳು ನನ್ನ ಷೆಡ್ಡಿನ ಹಿಂದಿನ ಸಾಲಿನಲ್ಲಿವೆ. ಇದನ್ನು ಹೊರಡುವ ಮುಂಚೆ ಕೇಳಬಹುದಿತ್ತು. ಒಂದೇ ಮನೆಯಲ್ಲಿದ್ದೆವು, ಅಂಚೆ ಚೀಟಿಯ ಅಗತ್ಯವಿರಲಿಲ್ಲ.

ನಿನ್ನ ಗಂಡ ಬಚ್ಚಲಿನ ನಲ್ಲಿ ರಿಪೇರಿ ಮಾಡಿದ. ಈಗ ಪ್ಲಂಬರ್ ಬರಬೇಕು. ಅವನ ಶಾಲೆಯ ಮಕ್ಕಳು ಒಳ್ಳೆಯ ಅಂಕ ತಂದಾಗ ಅವನು ನನ್ನ ಮಗ, ನಲ್ಲಿ ಮುಟ್ಟಿದಾಗ ನಿನ್ನ ಗಂಡ.

ಷೆಡ್ಡಿನಲ್ಲಿ ಪೆಟ್ಟಿಗೆಗಳನ್ನೆಲ್ಲ ಎಣಿಸಿ ಕೊಡಬೇಕಂತೆ. ಯಾಕೆ ಎಂದು ಮೇಲಿನವರಿಗೇ ಗೊತ್ತು. ತಲೆಗೆ ಬೆಚ್ಚಗೆ ಸುತ್ತಿಕೊಂಡು ಮಲಗು.

ಅತ್ತೆ


ಕಣಿವೆ ಕ್ಯಾಂಪ್
ಫೆಬ್ರವರಿ 6

ಅತ್ತೆಯವರಿಗೆ,

ಪತ್ರ ತಲುಪಿತು. ಆಗಿನವರಿಗೆ ಸಿಗಲಿಲ್ಲ ಎಂದ ಮಾತ್ರಕ್ಕೆ ನಮಗೂ ಸಿಗಬಾರದು ಎಂದೇನಿಲ್ಲ. ಷೆಡ್ಡಿನ ನೆರಳಲ್ಲಿ ಕೂತು ಮುಗಿದುಹೋದ ಕೆಲಸವನ್ನು ಕಾಯುವುದು ಬೇರೆ, ಗಾಳಿಯಲ್ಲಿ ನಿಂತು ಹುಡುಕುವುದು ಬೇರೆ. ತಪ್ಪು ತಿಳಿಯಬೇಡಿ, ಇದ್ದದ್ದನ್ನು ಹೇಳಿದೆ.

ಇಲ್ಲಿ ಕೆಲಸ ಭರ್ಜರಿಯಾಗಿ ಸಾಗಿದೆ. ನಮ್ಮ ಕ್ಯಾಂಪಿನ ಸಾಹೇಬರಿಗೂ ತುಂಬಾ ಸಂತೋಷ. ಒಂದು ಒಳ್ಳೆಯ ಸುದ್ದಿ ಕೊಡುವ ದಿನ ದೂರವಿಲ್ಲ.

ಸೊಸೆ


ಮನೆ
ಮಾರ್ಚ್ 14

ಸೊಸೆಗೆ,

ಉತ್ತರ ತಡವಾಯಿತು. ಕಾಯುವ ಕೆಲಸದವಳು ನಾನು, ನೀನೂ ಸ್ವಲ್ಪ ಕಾದರೆ ಏನಾಗುತ್ತದೆ ಅನ್ನಿಸಿತು.

ನಿನಗೆ ಒಂದು ವಿಷಯ ಯಾರೂ ಹೇಳಿರಲಿಕ್ಕಿಲ್ಲ. ನನ್ನ ಮಗನಿಗೇ ಸರಿಯಾಗಿ ಗೊತ್ತಿಲ್ಲ. ಭೂವಿಜ್ಞಾನ ಓದಿದ ನಮ್ಮ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಇಲಾಖೆಗೆ ಸೇರಿದ ದಿನ ಫೀಲ್ಡಿಗೆ ಕಳಿಸಿ ಎಂದು ಅರ್ಜಿ ಕೊಟ್ಟೆ. ಆಗಿನ ದೊಡ್ಡ ಸಾಹೇಬರು ಒಳ್ಳೆಯವರೇ. ಕುರ್ಚಿ ತೋರಿಸಿ ಕೂರಿಸಿ, “ನೋಡಮ್ಮ, ಕ್ಯಾಂಪಲ್ಲಿ ಹೆಂಗಸ್ರಿಗೆ ಬೇರೆ ಡೇರೆ ಇಲ್ಲ. ಒಂದಾರು ತಿಂಗಳು ಷೆಡ್ ನೋಡ್ಕೋ, ಅಷ್ಟರಲ್ಲಿ ಡೇರೆ ತರಿಸ್ತೀನಿ” ಎಂದರು. ಆ ಡೇರೆ ಇನ್ನೂ ಬಂದಿಲ್ಲ. ಮೂವತ್ತೊಂದು ವರ್ಷವಾಯಿತು.

ಬೇಸರದಿಂದ ಬರೆಯುತ್ತಿಲ್ಲ. ನಾನು ಕಾಲಿಡದ ಬೆಟ್ಟಗಳೆಲ್ಲ ಪೆಟ್ಟಿಗೆಯಲ್ಲಿ ಮಲಗಿಕೊಂಡು ನನ್ನ ಹತ್ತಿರವೇ ಬಂದಿವೆ. ಅವುಗಳ ಧೂಳು ಒರೆಸಿದ್ದೇನೆ, ಚೀಟಿ ಅಳಿಸಿಹೋದಾಗ ಮತ್ತೆ ಬರೆದಿದ್ದೇನೆ. ಮುಗಿದುಹೋದ ಕೆಲಸ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಒಳ್ಳೆಯ ಸುದ್ದಿಗೆ ಕಾಯುತ್ತಿದ್ದೇನೆ. ಷೆಡ್ಡಿನಲ್ಲಿ ಎಲ್ಲ ಎಂದಿನಂತೆ ಇದೆ.

ಅತ್ತೆ


ಕಣಿವೆ ಕ್ಯಾಂಪ್
ಏಪ್ರಿಲ್ 2

ಅತ್ತೆ,

ಎಂದಿನಂತೆ ಇಲ್ಲ. ನಿನ್ನೆ ಜೀಪಿನಲ್ಲಿ ಬಂದ ಅಂಚೆಯಲ್ಲಿ ಇಲಾಖೆಯ ಸುತ್ತೋಲೆ ಇತ್ತು. ಹಳೆಯ ಕಲ್ಲುಗಳನ್ನೆಲ್ಲ ರಸ್ತೆ ಕೆಲಸಕ್ಕೆ ಕೊಟ್ಟು ಷೆಡ್ ಖಾಲಿ ಮಾಡಿ, ಆ ಜಾಗದಲ್ಲಿ ವಾಹನ ನಿಲ್ಲಿಸುತ್ತಾರಂತೆ. ಪೆಟ್ಟಿಗೆ ಎಣಿಸಿದ್ದು ಅದಕ್ಕೇ ತಾನೇ? ಜನವರಿಯಿಂದ ನಿಮಗೆ ಗೊತ್ತಿತ್ತು. ನಾನು ಫೆಬ್ರವರಿಯಲ್ಲಿ ಬರೆದದ್ದನ್ನು ಓದಿಕೊಂಡೂ ಸುಮ್ಮನಿದ್ದಿರಿ. ಆ ಸಾಲು ನೆನಪಾದಾಗಲೆಲ್ಲ ಮುಖ ಎಲ್ಲಿಡಲಿ ಅನ್ನಿಸುತ್ತಿದೆ.

ನಾನೂ ನಿಜ ಹೇಳಿಲ್ಲ. ಭರ್ಜರಿ ಏನೂ ಇಲ್ಲ. ಕೊರೆದ ಆರು ಬೋರಿನಲ್ಲೂ ತಾಮ್ರದ ಸುಳಿವಿಲ್ಲ. ಮೇ ಕೊನೆಗೆ ಕ್ಯಾಂಪ್ ಮುಚ್ಚಿ ಎಂದು ಆದೇಶ ಬಂದಿದೆ. ಸಾಹೇಬರು ಸಂತೋಷವಾಗಿಲ್ಲ, ನನ್ನ ಕಣ್ಣು ತಪ್ಪಿಸಿ ಓಡಾಡುತ್ತಾರೆ. ನಿಮ್ಮ ಮಗನಿಗೂ ತಿಳಿಸಿಲ್ಲ. ಸೋತು ಮನೆಗೆ ಬಂದು ನಿಮ್ಮೆದುರು ತಟ್ಟೆ ಹಿಡಿದು ಕೂರುವುದು ಹೇಗೆ ಎಂಬುದೇ ಯೋಚನೆ. ನಾನು ಹೊರಟ ದಿನ ನೀವು ಬಾಗಿಲ ತನಕವೂ ಬರಲಿಲ್ಲ. ‘ಇವಳಿಗೆ ಯಾಕೆ ಬೇಕಿತ್ತು’ ಎಂದುಕೊಂಡಿರಬೇಕು ಅಂತ ಆವತ್ತಿನಿಂದ ಲೆಕ್ಕ ಹಾಕಿಕೊಂಡಿದ್ದೇನೆ.

ಒಂದು ಸಣ್ಣ ವಿಷಯ. ಕೊನೆಯ ಬೋರಿನ ತಳದಲ್ಲಿ, ಹಳ್ಳಕ್ಕೆ ತೀರ ಹತ್ತಿರ, ಕೆಂಪು ಹರಳುಗಳ ನಡುವೆ ಒಂದು ಗೇಣು ಉದ್ದ ಮಾಸಲು ಬಿಳಿ ಕಲ್ಲು ಬಂದಿದೆ. ಸಾಹೇಬರು ನೋಡಿ, “ಸುಣ್ಣದ ಕಲ್ಲು, ಬಿಡಮ್ಮ” ಎಂದರು. ಆದರೆ ಅಂಗೈಯಲ್ಲಿ ಇಟ್ಟರೆ ಗಾತ್ರಕ್ಕೆ ಮೀರಿದ ಭಾರ. ಪ್ರಯೋಗಾಲಯಕ್ಕೆ ಕಳಿಸಿದರೆ ಸರದಿ ಬರುವ ಹೊತ್ತಿಗೆ ಕ್ಯಾಂಪೇ ಇರುವುದಿಲ್ಲ. ಒಂದು ತುಂಡನ್ನು ಕಾಲುಚೀಲದಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಒಗೆದ ಕಾಲುಚೀಲವೇ. ನೀವು ಒಮ್ಮೆ ನೋಡಿ.

ಸೊಸೆ


ಮನೆ
ಏಪ್ರಿಲ್ 17

ಪ್ರಿಯ ಸೊಸೆಗೆ,

ಕೂತು ಓದು. ನಿಂತು ಓದುವ ಪತ್ರ ಅಲ್ಲ.

ಕಾಲುಚೀಲ ಇವತ್ತು ಬೆಳಿಗ್ಗೆ ಭಂಡಾರಕ್ಕೇ ಬಂತು. ತುಂಡನ್ನು ಕೈಗೆ ತೆಗೆದುಕೊಂಡ ತಕ್ಷಣ ನಿನಗೆ ಅನ್ನಿಸಿದ್ದೇ ನನಗೂ ಅನ್ನಿಸಿತು. ಶಾಲೆ ಮಕ್ಕಳಿಗೆ ಬಣ್ಣದ ಕಲ್ಲು ತೋರಿಸಲು ನಮ್ಮಲ್ಲಿ ಬ್ಯಾಟರಿಯ ಒಂದು ಅತಿನೇರಳೆ ದೀಪ ಇದೆ. ಕಿಟಕಿ ಬಾಗಿಲು ಮುಚ್ಚಿ, ಸಂದಿಗಳಿಗೆ ಗೋಣಿಚೀಲ ತುರುಕಿ, ನಡುಮಧ್ಯಾಹ್ನ ಷೆಡ್ಡನ್ನು ಕತ್ತಲೆ ಮಾಡಿ ದೀಪ ಹಿಡಿದೆ. ನಿನ್ನ ‘ಸುಣ್ಣದ ಕಲ್ಲು’ ತಿಳಿನೀಲಿಯಾಗಿ ಉರಿಯಿತು ಕಣೇ! ಷೀಲೈಟ್! ಸಂಜೆ ನನ್ನ ಮಗ, “ಹಾಗಂದ್ರೆ ಏನಮ್ಮ?” ಎಂದ. “ಬಲ್ಬಿನೊಳಗೆ ತಂತಿ ಇರುತ್ತಲ್ಲೋ, ಟಂಗ್‌ಸ್ಟನ್ನು, ಅದು ಬರೋದೇ ಇದ್ರಿಂದ. ಉಕ್ಕು ಕೊಯ್ಯೋ ಹತಾರಕ್ಕೂ ಅದೇ ಬೇಕು. ನಮ್ಮ ದೇಶಕ್ಕೆ ಎಲ್ಲಾ ಹೊರಗಿಂದ ಬರ್ತಿದೆ” ಎಂದೆ.

ಮೊದಲು ಮಧ್ಯಾಹ್ನದ್ದು ಮುಗಿಸುತ್ತೇನೆ. ನಿನ್ನ ತುಂಡು ಹೊಳೆದ ಕೂಡಲೇ ಹಿಂದಿನ ಸಾಲಿಗೆ ಓಡಿದೆ. ಖಾಲಿ! ನಿನ್ನ ಕಣಿವೆಯ ಹಳೆಯ ಪೆಟ್ಟಿಗೆಗಳು ಅಂಗಳದ ಲಾರಿಯಲ್ಲಿ ಕೂತಿದ್ದವು. ಡ್ರೈವರ್ ಆಗಲೇ ಗಾಡಿ ಶುರು ಮಾಡಿದ್ದ. ನಾನು ಹೋಗಿ ಮುಂದೆ ನಿಂತೆ.

“ಅಮ್ಮಾ, ಕಲ್ಲು ತಾನೇ?” ಎಂದ.

“ಕಲ್ಲೇ. ಇಳಿಸಪ್ಪ.”

“ಹೋದ ವಾರ ಎರಡು ಲೋಡ್ ಹೋಯ್ತಲ್ಲ, ಆಗ ಏನೂ ಅನ್ಲಿಲ್ಲ ನೀವು.”

“ಆಗ ನಂಗೂ ಗೊತ್ತಿರ್ಲಿಲ್ಲ.”

ಆ ಎರಡು ಲೋಡು ಬೇರೆ ಬೆಟ್ಟಗಳದ್ದು. ಅವುಗಳಲ್ಲಿ ಏನಿತ್ತು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅದೊಂದು ಕೊರಗು ನನಗೆ ಉಳಿದುಬಿಟ್ಟಿತು.

ಡ್ರೈವರ್ ಒಳ್ಳೆಯವನು, ಗೊಣಗುತ್ತಲೇ ಇಳಿಸಿದ. ಅವನನ್ನೂ ಒಳಗೆ ಕರೆದು ಬಾಗಿಲು ಹಾಕಿ ಮೊದಲ ಪೆಟ್ಟಿಗೆಗೆ ದೀಪ ಹಿಡಿದೆ. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಅವನು ಆಕಳಿಸಿದ. ಮೂರನೆಯದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೀಲಿ. ನಾಲ್ಕನೆಯದರಲ್ಲೂ. ಅವನು ಒಂದು ಹೆಜ್ಜೆ ಹಿಂದೆ ಸರಿದು, “ಅಮ್ಮಾ, ಒಳಗೆ ಕರೆಂಟ್ ಏನಾದ್ರೂ ಕೊಟ್ಟಿದೀರಾ?” ಎಂದ. ನಲವತ್ತು ವರ್ಷ ಕತ್ತಲೆಯಲ್ಲೇ ಇದ್ದ ಕಲ್ಲು. ಆಗಿನವರು ತಾಮ್ರ ಮಾತ್ರ ಹುಡುಕಿದರು, ಇದನ್ನು ಯಾರೂ ಕೇಳಲೇ ಇಲ್ಲ.

ನಮ್ಮ ನಿರ್ದೇಶಕರನ್ನು ಕರೆತಂದು ಏನೂ ಹೇಳದೆ ದೀಪ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಬಂದು ಲಾರಿಯನ್ನು ವಾಪಸ್ ಕಳಿಸಿದರು. ಹೊಳೆಯುವುದೆಲ್ಲ ಅದೇ ಆಗಬೇಕೆಂದಿಲ್ಲ, ಆದ್ದರಿಂದ ಪ್ರಯೋಗಾಲಯಕ್ಕೂ ಅವರೇ ಖುದ್ದಾಗಿ ಒಯ್ದುಕೊಟ್ಟಿದ್ದಾರೆ.

ಈಗ ಮುಖ್ಯವಾದದ್ದು. ಯಾವ ಬೋರಿನಲ್ಲಿ ಎಷ್ಟು ಆಳದಲ್ಲಿ ಹೊಳೆಯಿತು ಎಂದು ಹಳೆಯ ನಕ್ಷೆಯ ಮೇಲೆ ಗುರುತು ಹಾಕಿದೆ. ಪಶ್ಚಿಮದ ಬೋರುಗಳಲ್ಲಿ ತಳದಲ್ಲಿ ಬರೀ ಒಂದು ಎಳೆ. ಪೂರ್ವಕ್ಕೆ ಹೋದಷ್ಟೂ ದಪ್ಪ. ಆಗಿನವರು ಪೂರ್ವದಲ್ಲಿ ಅರ್ಧಕ್ಕೇ ನಿಲ್ಲಿಸಿದ್ದಾರೆ. ಅವರ ಕೊನೆಯ ಕೋಲಿನ ಕೊನೆಯ ತುಂಡೂ ಹೊಳೆಯುತ್ತಿದೆ. ನೀನು ಹಳ್ಳದ ತಪ್ಪು ದಂಡೆಯಲ್ಲಿದ್ದೀಯ. ಹಳ್ಳ ದಾಟು. ಅವರಿಗಿಂತ ಆಳಕ್ಕೆ ಕೊರೆ. ನಕ್ಷೆಯ ಪ್ರತಿ ಇಟ್ಟಿದ್ದೇನೆ.

ಬಾಗಿಲ ತನಕ ಬರಲಿಲ್ಲ ಎಂದೆಯಲ್ಲ. ಅಡುಗೆಮನೆಯಲ್ಲಿ ನಿಂತು ನಿನ್ನ ಬೂಟಿನ ಸದ್ದು ಮೆಟ್ಟಿಲಿಳಿಯುವುದನ್ನು ಕೇಳುತ್ತಿದ್ದೆ. ನನ್ನ ಸೊಸೆಯ ಬೂಟಿನ ಮೇಲೆ ನನಗೆ ಹೊಟ್ಟೆಕಿಚ್ಚು. ಬಾಗಿಲಿಗೆ ಬಂದಿದ್ದರೆ ಅದು ಮುಖದ ಮೇಲೆ ಕಾಣುತ್ತಿತ್ತು.

ಅತ್ತೆ


ಕಣಿವೆ ಕ್ಯಾಂಪ್
ಮೇ 1

ಅತ್ತೆ, ಅತ್ತೆ, ಅತ್ತೆ!

ಮೂರು ಸಲ ಓದಿದೆ. ಕೂತೇ ಓದಿದೆ. ನಕ್ಷೆಯನ್ನು ಸಾಹೇಬರ ಮೇಜಿನ ಮೇಲೆ ಹಾಸಿದೆ. ಅವರು ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. “ಮುಚ್ಚೋ ಆದೇಶ ಕೈಲಿದೆಯಲ್ಲಮ್ಮ, ಹೊಸ ಬೋರು ಹೇಗೆ ಹಾಕೋದು?” ಎಂದರು.

“ಮೇ ಕೊನೆಗೆ ಮುಚ್ಚಿ ಅಂತ ಇದೆ ಸಾರ್. ಅಲ್ಲೀವರೆಗೆ ಕೈ ಕಟ್ಕೊಂಡು ಕೂತಿರಿ ಅಂತ ಎಲ್ಲೂ ಬರೆದಿಲ್ಲ.”

ಅವರು ಆದೇಶವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ನಿಜಕ್ಕೂ ಬರೆದಿರಲಿಲ್ಲ. ಡೀಸೆಲ್ ಇರುವುದು ಒಂದೇ ಬೋರಿಗೆ. ಆಗಲಿ ಎಂದುಬಿಟ್ಟರು!

ಯಂತ್ರ ಬಿಚ್ಚಿ ಹಳ್ಳ ದಾಟಿಸುತ್ತಿದ್ದೇವೆ. ಎಲ್ಲರೂ ಸೊಂಟದ ತನಕ ನೀರಿನಲ್ಲಿ. ನೀರು ಮಂಜಿನ ಹಾಗೆ ಕೊರೆಯುತ್ತದೆ. “ಇಷ್ಟು ದಿನ ಆ ಕಡೆ ಕೊರೀರಿ ಅಂದಿದ್ದು ಯಾರು ಮೇಡಂ?” ಎಂದು ಗುಡುಗು ಕೇಳಿದರು. “ನಾನೇ” ಎಂದೆ. “ಸರಿ ಹಾಗಾದ್ರೆ” ಎಂದು ಹಗ್ಗಕ್ಕೆ ಹೆಗಲು ಕೊಟ್ಟರು. ಅಷ್ಟರಲ್ಲೇ ಮುಗಿಸಿದ ಅವರ ದೊಡ್ಡ ಮನಸ್ಸಿಗೆ ಏನೆನ್ನಲಿ.

ಆ ದೀಪವನ್ನು ಪಾರ್ಸೆಲ್ ಮಾಡಿಸಿ. ಅದಿಲ್ಲದೆ ನಾವು ಇಲ್ಲಿ ಕುರುಡರು.

ನಿಮ್ಮ ಸೊಸೆ


ಮನೆ
ಮೇ 9

ಸೊಸೆಗೆ,

ದೀಪವನ್ನು ಪಾರ್ಸೆಲ್ ಮಾಡುವುದಿಲ್ಲ. ಗಾಜು ಒಡೆದರೆ ಇನ್ನೊಂದು ಸಿಗುವುದು ಯಾವ ಕಾಲಕ್ಕೋ. ಯಾರಾದರೂ ಮಡಿಲಲ್ಲಿಟ್ಟುಕೊಂಡೇ ತರಬೇಕು.

ನಾನೇ ತರುತ್ತೇನೆ.

ನಿರ್ದೇಶಕರಿಗೆ ಅರ್ಜಿ ಕೊಟ್ಟೆ. ಮೂವತ್ತೊಂದು ವರ್ಷದ ಹಿಂದಿನ ಅರ್ಜಿಯಲ್ಲಿದ್ದ ಮಾತುಗಳೇ: ಫೀಲ್ಡಿಗೆ ಕಳಿಸಿ. ಅವರು ಓದಿ ಮುಗಿಸುವ ಮುಂಚೆಯೇ ಸಹಿ ಹಾಕಿದರು. ಬೂಟು ಕೊಂಡಿದ್ದೇನೆ. ಅಂಗಡಿಯವನು, “ಯಾರಿಗಮ್ಮ, ಮಗನಿಗಾ?” ಎಂದ. “ನನಗೆ. ಸ್ವಲ್ಪ ಗಟ್ಟಿ ಇರೋದು ಕೊಡು” ಎಂದೆ. ಕಾಲಿಗೆ ಒಗ್ಗಲಿ ಎಂದು ಮನೆಯೊಳಗೆ ಹಾಕಿಕೊಂಡು ಓಡಾಡುತ್ತಿದ್ದೇನೆ. ನಿನ್ನ ಗಂಡ ಬಾಗಿಲ ಹಿಂದೆ ನಿಂತು ನಗುತ್ತಾನೆ. ನಗಲಿ.

ಷೆಡ್ಡಿನ ಹಣೆಬರಹ ತೀರ್ಮಾನಿಸಲು ಮೇ 30ಕ್ಕೆ ಸಮಿತಿ ಕೂರುತ್ತದೆ. ಅಷ್ಟರಲ್ಲಿ ವಾಪಸ್ ಬರಬೇಕು. ನನಗೆ ಬೇರೆ ಡೇರೆ ಬೇಡ, ನಿನ್ನದರಲ್ಲೇ ಒಂದು ಮೂಲೆ ಸಾಕು.

ಅತ್ತೆ


ಕಣಿವೆ ಕ್ಯಾಂಪ್, ಪೂರ್ವ ದಂಡೆ
ಮೇ 30

ಅತ್ತೆ,

ಪೇಟೆಯಿಂದ ತಂತಿ ಕೊಡಲು ಜೀಪು ಕಳಿಸಿದ್ದೇನೆ. ತಂತಿಯಲ್ಲಿ ಹಿಡಿಸಲಾಗದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನೀವು ಇದ್ದಷ್ಟು ದಿನವೂ ಬರೀ ಬೂದು ಕಲ್ಲು ಬಂತು. ಒಂದೊಂದು ಪೆಟ್ಟಿಗೆ ನೋಡಿ ದೀಪ ಆರಿಸುವಾಗಲೂ, “ಇನ್ನೂ ಆಳಕ್ಕಿದೆ, ಬರುತ್ತೆ” ಎನ್ನುತ್ತಿದ್ದಿರಿ. ನೀವು ದೀಪವನ್ನು ನನ್ನ ಹತ್ತಿರ ಬಿಟ್ಟು, ಜೀಪು ಹತ್ತಿ ಬೆಟ್ಟದ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಧೈರ್ಯವೂ ಅರ್ಧ ಇಳಿದುಹೋಯಿತು. ಸಮಿತಿ ಎದುರು ಬರೀ ಹಳೆಯ ಕಲ್ಲುಗಳನ್ನು ನಂಬಿ ನಿಲ್ಲಬೇಕಲ್ಲ ನೀವು ಎಂಬ ಚಿಂತೆ ಬೇರೆ.

ಇವತ್ತು ಮಧ್ಯಾಹ್ನ ಡೀಸೆಲ್ ತಳ ಕಂಡಿತ್ತು. ಕೊನೆಯ ಕೋಲು ಅಂದುಕೊಂಡೇ ಎತ್ತಿದರು. ಆ ದಂಡೆಯ ಕೊನೆಯ ಬೋರಿನಲ್ಲಿ ಕಂಡ ಅದೇ ಕೆಂಪು ಹರಳು ಕಂಡಿತು. ಪೆಟ್ಟಿಗೆಯ ಮೇಲೆ ಎರಡು ಕಂಬಳಿ ಹೊದಿಸಿ ದೀಪ ಹಿಡಿದು ಒಳಗೆ ನುಸುಳಿದೆ. ಅತ್ತೆ, ಸಂದಿಯೇ ಇಲ್ಲದ ನೀಲಿ! ನನ್ನ ಕೈ, ಅಂಗಿಯ ತೋಳು ಎಲ್ಲ ಆ ಬೆಳಕಿನಲ್ಲಿ. ಆಮೇಲೆ ಸಾಹೇಬರು ತೂರಿಕೊಂಡರು. ಒಳಗೆ ಹೋದವರು ಹೊರಗೆ ಬರುವ ಲಕ್ಷಣವೇ ಇಲ್ಲ. ಗುಡುಗು ಬಗ್ಗಿ, “ಸಾಹೇಬ್ರೇ, ಉಸಿರಾಡ್ತಿದೀರಾ?” ಎಂದು ಕೇಳಬೇಕಾಯಿತು. ಹೊರಗೆ ಬಂದವರ ಕಣ್ಣು ಒದ್ದೆಯಾಗಿತ್ತು. “ಅಡುಗೆ ಮಾಡೋಕೆ ಇಟ್ಟಿರೋ ಸೀಮೆಎಣ್ಣೆಲಿ ಯಂತ್ರ ಓಡುತ್ತಾ?” ಎಂದು ಕೇಳಿದರು. ಓಡುವುದಿಲ್ಲ. ಕೊನೆಗೆ ಜನರೇಟರಿನ ಡೀಸೆಲ್ ಹೀರಿ ತೆಗೆದು ಇನ್ನೂ ಮೂರು ಕೋಲು ಎತ್ತಿದೆವು. ಮೂರೂ ಹೊಳೆದವು. ಇವತ್ತು ರಾತ್ರಿ ಕ್ಯಾಂಪಿನಲ್ಲಿ ಕರೆಂಟ್ ಇಲ್ಲ. ಯಾರಿಗೂ ಬೇಕಾಗಿಯೂ ಇಲ್ಲ. ಗುಡುಗು ಹಾಡುತ್ತಿದ್ದಾರೆ, ನಿಮಗೆ ಅಲ್ಲಿಗೇ ಕೇಳಿಸಿದರೆ ಆಶ್ಚರ್ಯವಿಲ್ಲ.

ಬಂದ ದಿನ ನೀವು ಬೆಟ್ಟದ ನೆತ್ತಿಗೆ ಹತ್ತಿ, ಬಂಡೆಯ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಂತಿದ್ದಿರಿ. ಕಾಲು ನೋವಿರಬೇಕು ಎಂದು ನಾನು ಹತ್ತಿರ ಬರಲಿಲ್ಲ. ಬೂಟು ಕಚ್ಚಿತ್ತೇ?

ಸೊಸೆ


ಮನೆ
ಮೇ 30

ಸೊಸೆಗೆ,

ನಿನ್ನ ಕಡೆ ಏನಾಯಿತೋ ಗೊತ್ತಿಲ್ಲ. ಆಗಿರಲಿ, ಆಗದೇ ಇರಲಿ, ಇಲ್ಲಿನ ಸುದ್ದಿ ಕೇಳು.

ಸಮಿತಿಯಲ್ಲಿ ಏಳು ಜನ. ಮೇಜಿನ ಮೇಲೆ ಪ್ರಯೋಗಾಲಯದ ಉತ್ತರ: ಷೀಲೈಟೇ, ಸಂಶಯವಿಲ್ಲ. ಆದರೂ ಹಣಕಾಸಿನ ಅಧಿಕಾರಿಗೆ ಸಮಾಧಾನವಿಲ್ಲ.

“ಉಳಿದ ಪೆಟ್ಟಿಗೆಗಳಲ್ಲೂ ಹೀಗೆ ಏನಾದ್ರೂ ಇದೆಯಾ?”

“ಗೊತ್ತಿಲ್ಲ ಸಾರ್.”

“ಗೊತ್ತಿಲ್ದೇ ಯಾಕೆ ಇಟ್ಕೊಂಡಿದೀರಿ ಮತ್ತೆ?”

“ಗೊತ್ತಿಲ್ಲ ಅಂತಲೇ ಇಟ್ಕೊಂಡಿರೋದು. ಪೂರ್ತಿ ಗೊತ್ತಾಗಿದ್ರೆ ನಾನೇ ಲಾರಿಗೆ ಹಾಕಿಸ್ತಿದ್ದೆ. ಹಿಂದಿನವರು ಒಂದೇ ಪ್ರಶ್ನೆ ಕೇಳಿ ಇವನ್ನ ಇಲ್ಲಿಟ್ರು. ಮುಂದಿನವರು ಏನು ಕೇಳ್ತಾರೋ. ಕೇಳೋ ಹೊತ್ತಿಗೆ ಉತ್ತರ ಹೇಳೋ ಕಲ್ಲು ಇರ್ಬೇಕಲ್ಲ?”

ಅದೇ ಅಧಿಕಾರಿ ನಕ್ಕುಬಿಟ್ಟರು. “ನನ್ನ ಕಾರು ರಸ್ತೆಯಲ್ಲೇ ನಿಲ್ಲಲಿ ಬಿಡಿ” ಎಂದರು. ಷೆಡ್ ಉಳಿಯಿತು ಮಗಳೇ. ಉಳಿದದ್ದಷ್ಟೇ ಅಲ್ಲ, ಪಕ್ಕದ ಜಾಗವೂ ಸಿಕ್ಕಿತು. ಒಂದೊಂದು ಪೆಟ್ಟಿಗೆಯನ್ನೂ ಮತ್ತೆ ಪರೀಕ್ಷಿಸಲು ಜನ ಕೊಡುತ್ತಾರೆ, ಹೊಸ ದೀಪಗಳೂ ಬರುತ್ತವೆ.

ಬೆಟ್ಟದ ಮೇಲೆ ನಿಂತಾಗ ನಿನಗೆ ಹೇಳಬೇಕೆಂದಿದ್ದುದನ್ನು ಈಗ ಹೇಳುತ್ತೇನೆ. ಇಷ್ಟು ವರ್ಷ ಗೇಣುದ್ದದ ತುಂಡುಗಳಲ್ಲಿ ಕಂಡ ಬೆಟ್ಟ ಅಂದು ಇಡಿಯಾಗಿ ನನ್ನ ಕಾಲಡಿ ಇತ್ತು.

ತಾ.ಕ.: ಮರುದಿನ ಬೆಳಿಗ್ಗೆ ಅಂಚೆಗೆ ಹಾಕಲು ಹೊರಟಿದ್ದೆ, ತಂತಿಯವನು ಬಾಗಿಲಲ್ಲಿ. ‘ಹೊಳೆಯಿತು. ನಿಲ್ಲುತ್ತಲೇ ಇಲ್ಲ.’ ನನ್ನ ಮಗ ಓದಿದ. ನಾನು ಬೂಟು ಹಾಕಿಕೊಂಡು ಅಂಗಳದಲ್ಲಿ ಸುಮ್ಮನೆ ಮೂರು ಸುತ್ತು ಹೊಡೆದೆ. ಪಕ್ಕದ ಮನೆಯವರು ನೋಡಿದರು. ನೋಡಲಿ.

ಅತ್ತೆ


ಕಣಿವೆ ಕ್ಯಾಂಪ್
ಸೆಪ್ಟೆಂಬರ್ 19

ಅತ್ತೆ,

ಈಗ ನಮಗೆ ಮೂರು ಯಂತ್ರ, ರಸ್ತೆ, ಬಿಸಿನೀರು! ಇದರ ಜೊತೆ ಅಚ್ಚಾದ ಹೊಸ ನಕ್ಷೆ ಕಳಿಸಿದ್ದೇನೆ. ಭಂಡಾರಕ್ಕೆ ಸೇರಬೇಕು. ಒಂದು ವಿಷಯ ಮುಂಚೆಯೇ ಹೇಳಿಬಿಡುತ್ತೇನೆ, ಬೈಯಬೇಡಿ. ನೀವು ಗೆರೆ ಹಾಕಿ ತೋರಿಸಿದ ಅದಿರಿನ ಪಟ್ಟೆಗೆ ಇಲ್ಲಿನ ಕೆಲಸಗಾರರು ಒಂದು ಹೆಸರಿಟ್ಟುಕೊಂಡಿದ್ದರು. “ಇವತ್ತು ಅತ್ತೆ ಎಷ್ಟು ಆಳಕ್ಕಿದಾಳೆ?” “ಅತ್ತೆ ಸಿಕ್ಕಿದಳಾ?” ದಿನವೂ ಇದೇ ಮಾತು. ನಕ್ಷೆ ಬರೆಯುವವರು ಅದನ್ನೇ ಕೇಳಿಸಿಕೊಂಡು ಹಾಗೇ ಬರೆದಿದ್ದಾರೆ. ಯಾರೂ ಗಮನಿಸಲಿಲ್ಲ. ದೇಶದ ಅಧಿಕೃತ ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿ ಹೋಗಿದೆ. ತಿದ್ದಬೇಕಾದರೆ ತಿದ್ದಬಹುದು ಎಂದು ಸಾಹೇಬರು ಹೇಳುತ್ತಿದ್ದಾರೆ. ನೀವೇ ನೋಡಿ ತೀರ್ಮಾನಿಸಿ.

ಸೊಸೆ


ದಾಖಲೆ ಭಂಡಾರ
ಅಕ್ಟೋಬರ್ 3

ಪ್ರಿಯ ಸೊಸೆಗೆ,

ನಕ್ಷೆ ಬಂತು. ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ನೋಡಿದೆ. ಬೆಟ್ಟ, ಹಳ್ಳ, ಹಳ್ಳದ ಪೂರ್ವಕ್ಕೆ ಉದ್ದಕ್ಕೂ ನೀಲಿ ಪಟ್ಟೆ, ಅದರ ಮೇಲೆ ನಾನು.

ನಿರ್ದೇಶಕರು ನೋಡಿ, “ಮುಂದೆ ನೋಡೋರಿಗೆ ಇದೇನು ಹೆಸರು ಅಂತ ಅನ್ಸಲ್ವಾ ಮೇಡಂ? ಬದಲಾಯಿಸೋಣ್ವಾ?” ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ.

ಹೊಸ ನಕ್ಷೆ ಸೇರಿಸುವಾಗ ಹೆಸರು ಎಲ್ಲಿಂದ ಬಂತು ಎಂದು ಬರೆದಿಡಬೇಕು. ಆ ನಿಯಮ ಮಾಡಿದವಳು ನಾನೇ. ಲೇಖನಿ ತೆಗೆದುಕೊಂಡು, ಇನ್ನೂರು ವರ್ಷದ ಮೇಲೆ ಯಾರಾದರೂ ಬಂದು ಓದಿದರೂ ಅರ್ಥವಾಗುವ ಹಾಗೆ, ದುಂಡಗೆ ಬರೆದೆ:

‘ಕೊರೆದವರು ಇಟ್ಟ ಹೆಸರು. ಸರಿಯಾಗಿದೆ. ತಿದ್ದಬಾರದು.’

ಕೆಳಗೆ ಸಹಿ ಹಾಕಿ, ಮೊಹರು ಒತ್ತಿದೆ.

ಅತ್ತೆ